ಟೋಲ್ ಗೇಟು ನೆಡುವ ಮೊದಲು 1850ರ ದರಪಟ್ಟಿಯನ್ನು ಓದಿ: ಯೂಟಾ ಸಾರಿಗೆ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಕಾರ್ಯನಿರ್ವಾಹಕ ನಿರ್ದೇಶಕರು,
ಯೂಟಾ ರಾಜ್ಯ ಸಾರಿಗೆ ಇಲಾಖೆ, ಅಮೆರಿಕ
ಹಾಗೂ
ಸಾಲ್ಟ್ ಲೇಕ್ ಕೌಂಟಿಯ ಚುನಾಯಿತ ಪ್ರತಿನಿಧಿಗಳು

ವಿಷಯ: ಲಿಟಲ್ ಕಾಟನ್‌ವುಡ್ ಕಮರಿಯ ರಸ್ತೆಗೆ ಟೋಲ್ ವಿಧಿಸುವ ಯೋಜನೆ ಮತ್ತು ಪಾರ್ಲೀಸ್ ಕಮರಿಯ ಹಳೆಯ ಸುಂಕದ ರಸ್ತೆ

ಮಾನ್ಯರೇ,

ಲಿಟಲ್ ಕಾಟನ್‌ವುಡ್ ಕಮರಿಯ ವಾಹನದಟ್ಟಣೆಗೆ ಪರಿಹಾರ ಯಾವುದೆಂದು ತಮ್ಮ ಇಲಾಖೆ 2023ರ ಜುಲೈಯಲ್ಲಿ ಅಂತಿಮ ನಿರ್ಣಯ ಪ್ರಕಟಿಸಿತು. ಬೆಟ್ಟದ ಬುಡದಿಂದ ಮೇಲಿನ ಸ್ನೋಬರ್ಡ್, ಆಲ್ಟಾ ಎಂಬ ಸ್ಕೀ ತಾಣಗಳವರೆಗೆ ತೂಗುಹಗ್ಗದ ಮೇಲೆ ಓಡುವ ಗೊಂಡೋಲಾ ಅದರ ಕೊನೆಯ ಘಟ್ಟ. ಅದಕ್ಕಿಂತ ಮುಂಚಿನ ಹಂತದಲ್ಲಿ ಹೆಚ್ಚಿನ ಬಸ್ಸುಗಳು, ಕೆಳಗೆ ಕಾರು ನಿಲ್ಲಿಸುವ ಜಾಗ, ಜೊತೆಗೆ ಚಳಿಗಾಲದ ದಟ್ಟಣೆಯ ಹೊತ್ತಿನಲ್ಲಿ ಮೇಲೆ ಹೋಗುವ ಕಾರುಗಳಿಗೆ ಟೋಲ್. ಗೊಂಡೋಲಾ ಬೇಕೋ ಬೇಡವೋ ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿದೆ. ಅದರ ಬಗ್ಗೆ ಪರಿಣತರು ಸಾಕಷ್ಟು ಬರೆದಿದ್ದಾರೆ. ನನ್ನ ಪತ್ರ ಟೋಲಿನ ಬಗ್ಗೆ. ಯಾಕೆಂದರೆ ಎಲ್ಲರೂ ಗೊಂಡೋಲಾ ಗೊಂಡೋಲಾ ಎನ್ನುತ್ತಿರುವಾಗ ನಮ್ಮ ಜೇಬಿಗೆ ಮೊದಲು ಕೈ ಹಾಕುವುದು ಟೋಲೇ.

ಈ ಪತ್ರದ ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಸಾಲ್ಟ್ ಲೇಕ್ ಕಣಿವೆಯಲ್ಲಿ ಇಂದು ಕನ್ನಡ ಮಾತಾಡುವ ಮನೆಗಳು ಸಾಕಷ್ಟಿವೆ. ಮಕ್ಕಳನ್ನು ಹಿಮದಾಟಕ್ಕೆ ಕರೆದೊಯ್ಯುವವರು, ಊರಿಂದ ಬಂದ ಅಪ್ಪ ಅಮ್ಮನಿಗೆ ಬೆಟ್ಟ ತೋರಿಸುವವರು, ಬೆಟ್ಟದಾಚೆಯ ಪಾರ್ಕ್ ಸಿಟಿಗೆ ಕೆಲಸಕ್ಕೆ ಹೋಗುವವರು, ಎಲ್ಲರೂ ಈ ಕಮರಿಗಳಲ್ಲೇ ಓಡಾಡುತ್ತಾರೆ. ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಮಾತ್ರ ನಮ್ಮವರು ತುಟಿ ಬಿಚ್ಚುವುದಿಲ್ಲ. ಇದು ಅವರಿಗೂ ಬರೆದ ಪತ್ರ.

ಟೋಲ್ ಬೇಡವೇ ಬೇಡ ಎಂದು ಕೂಗಲು ನಾನು ಬರೆಯುತ್ತಿಲ್ಲ. ನನ್ನ ದೂರು ಬೇರೆ. ಕಮರಿಯ ರಸ್ತೆಗೆ ಸುಂಕ ಹಾಕುವುದು ಈ ಊರಿಗೆ ಹೊಸ ವಿದ್ಯೆ ಎಂಬಂತೆ ಚರ್ಚೆ ನಡೆಯುತ್ತಿದೆ. ಕಂಪ್ಯೂಟರ್ ಲೆಕ್ಕಗಳು, ಕ್ಯಾಮೆರಾಗಳು, ದಟ್ಟಣೆಯ ದರಗಳು ಎಲ್ಲದರ ಮಾತೂ ಬರುತ್ತದೆ. ಇದೇ ಬೆಟ್ಟಸಾಲಿನಲ್ಲಿ, ನಾಲ್ಕು ಹೆಜ್ಜೆ ಉತ್ತರಕ್ಕೆ, 1850ರಲ್ಲಿ ಪಾರ್ಲೀ ಪ್ರ್ಯಾಟ್ ಎಂಬ ಒಬ್ಬ ಮನುಷ್ಯ ಕಮರಿ ಕಡಿದು ರಸ್ತೆ ಮಾಡಿ ಸುಂಕ ವಸೂಲಿ ಮಾಡಿದ್ದ ಎಂಬ ನೆನಪು ಮಾತ್ರ ಬರುವುದಿಲ್ಲ. ಆ ರಸ್ತೆಯ ಕತೆಯಲ್ಲಿ ತಾವು ಇಂದು ಎದುರಿಸುತ್ತಿರುವ ಪ್ರಶ್ನೆಗಳೆಲ್ಲ ಇವೆ. ಕೆಲವಕ್ಕೆ ಒಳ್ಳೆಯ ಉತ್ತರ, ಕೆಲವಕ್ಕೆ ಕೆಟ್ಟ ಉತ್ತರ.

ಕತೆ ಶುರುವಾಗುವುದು ರಸ್ತೆಯೇ ಇಲ್ಲದ ಕಾಲದಲ್ಲಿ. 1846ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಡಾನರ್ ಮತ್ತು ರೀಡ್ ಕುಟುಂಬಗಳ ತಂಡ ಇಲ್ಲಿನ ವಾಸಾಚ್ ಬೆಟ್ಟಗಳನ್ನು ದಾಟಲು ಕೊಡಲಿ ಹಿಡಿದು ಪೊದೆ ಸವರುತ್ತಾ, ಬಂಡೆ ಉರುಳಿಸುತ್ತಾ ದಾರಿ ಮಾಡಿಕೊಂಡಿತು. ಬಿಗ್ ಮೌಂಟನ್ ಹತ್ತಿ ಇಳಿದು, ಮತ್ತೆ ಲಿಟಲ್ ಮೌಂಟನ್ ಹತ್ತಿ ಇಳಿದು, ಎಮಿಗ್ರೇಶನ್ ಕಮರಿಯ ತೊರೆಯನ್ನು ಮತ್ತೆ ಮತ್ತೆ ದಾಟಿ ಅವರು ಬಯಲಿಗೆ ಬರುವ ಹೊತ್ತಿಗೆ ಎತ್ತುಗಳು ಸೋತಿದ್ದವು, ಬೇಸಿಗೆ ಕೈಜಾರಿತ್ತು. ಇಲ್ಲಿ ಕಳೆದ ದಿನಗಳ ಬೆಲೆಯನ್ನು ಅವರು ಮುಂದೆ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಕಟ್ಟಿದರು. ಹಿಮಕ್ಕೆ ಸಿಕ್ಕ ಆ ತಂಡದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬದುಕಿ ಉಳಿಯಲಿಲ್ಲ. ರಸ್ತೆಯಿಲ್ಲದ ಕಮರಿ ಎಂದರೆ ಏನು ಎಂಬುದಕ್ಕೆ ಈ ರಾಜ್ಯದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮರುವರ್ಷ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಅದೇ ಜಾಡು ಹಿಡಿದು ಬಂದರು. ಮುಂದೆ ಹೋಗಿ ದಾರಿ ಹುಡುಕುವ ಹೊಣೆ ಆರ್ಸನ್ ಪ್ರ್ಯಾಟ್ ಅವರದು. ಡಾನರ್ ತಂಡದ ಗಾಡಿಗಳ ಗುರುತನ್ನು ಪತ್ತೆ ಹಚ್ಚಿ, ಅದನ್ನು ಸರಿಮಾಡುತ್ತಾ, 1847ರ ಜುಲೈ 21ರಂದು ಇಬ್ಬರು ಮೊದಲು ಕಣಿವೆಗೆ ಇಳಿದರು. ಆರ್ಸನ್ ಅವರಲ್ಲಿ ಒಬ್ಬರು. ಮೂರು ದಿನದ ನಂತರ ವಲಸಿಗರ ನಾಯಕ ಬ್ರಿಗಮ್ ಯಂಗ್ ಬಂದರು. ಜುಲೈ 24 ಇಂದಿಗೂ ರಾಜ್ಯದ ರಜಾದಿನ. ಆದರೆ ಆ ದಾರಿ ದಾರಿಯಾಗಿರಲಿಲ್ಲ, ಶಿಕ್ಷೆಯಾಗಿತ್ತು. ಎರಡು ದೊಡ್ಡ ಬೆಟ್ಟಗಳನ್ನು ತುಂಬಿದ ಗಾಡಿಗಳು ಹತ್ತಬೇಕು. ಇಳಿಯುವಾಗ ಚಕ್ರ ಕಟ್ಟಿ, ಹಗ್ಗ ಹಿಡಿದು ಇಳಿಸಬೇಕು.

ಅದಕ್ಕೆ ಬದಲಿ ದಾರಿ ಕಂಡವರು ಆರ್ಸನ್ ಅವರ ಅಣ್ಣ ಪಾರ್ಲೀ ಪ್ರ್ಯಾಟ್. ತಮ್ಮ ಹಳೆಯ ದಾರಿ ತೆರೆದ, ಅಣ್ಣ ಹೊಸದನ್ನು. ಆಗ ಬಿಗ್ ಕ್ಯಾನ್ಯನ್ ಎಂದು ಕರೆಯುತ್ತಿದ್ದ, ಇಂದಿನ ಪಾರ್ಲೀಸ್ ಕಮರಿಯನ್ನು ಪಾರ್ಲೀ 1848ರಲ್ಲಿ ಹೊಕ್ಕು ನೋಡಿದರು. ಕೆಳಗಡೆ ಇಕ್ಕಟ್ಟು, ತೊರೆ, ಪೊದೆ, ಬಂಡೆ. ಮೇಲೆ ಹತ್ತಿದರೆ ಹುಲ್ಲು ತುಂಬಿದ ವಿಶಾಲ ಬಯಲು. ಆ ಬಯಲಿಗೆ ಪಾರ್ಲೀಸ್ ಪಾರ್ಕ್ ಎಂಬ ಹೆಸರು ಬಂತು. ಇಂದು ಕಿಂಬಾಲ್ ಜಂಕ್ಷನ್ನಿನ ಅಂಗಡಿಗಳೂ ಸ್ನೈಡರ್‌ವಿಲ್ ಕಡೆಯ ಮನೆಗಳೂ ಇರುವುದು ಅಲ್ಲೇ. ವೆಬರ್ ನದಿಯಿಂದ ಸಿಲ್ವರ್ ಕ್ರೀಕ್ ಹಿಡಿದು ಮೇಲೇರಿ, ಈ ಬಯಲು ದಾಟಿ, ಒಂದೇ ಒಂದು ನೆತ್ತಿ ಹತ್ತಿಳಿದರೆ ಊರು. ಎರಡು ಬೆಟ್ಟಗಳ ಗೋಳು ತಪ್ಪುತ್ತದೆ.

1849ರ ಜುಲೈಯಲ್ಲಿ ಅವರು ಕೆಲಸ ಹಿಡಿದರು. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ದೇಶವೆಲ್ಲ ಹಬ್ಬಿ, ಬಂಗಾರದ ಬೆನ್ನು ಹತ್ತಿದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಸಾಲ್ಟ್ ಲೇಕ್ ಮೂಲಕ ಹಾದುಹೋಗುತ್ತಿದ್ದರು. ದಾರಿ ಬೇಕಾದವರು ಎದುರಿಗಿದ್ದರು, ಅವರ ಕೈಯಲ್ಲಿ ಕಾಸಿತ್ತು. ಚಳಿಗಾಲ ಬಂದಾಗ ಪಾರ್ಲೀ ರಸ್ತೆ ಕೆಲಸ ನಿಲ್ಲಿಸಿ ಸುಮಾರು ಐವತ್ತು ಜನರ ತಂಡ ಕಟ್ಟಿಕೊಂಡು ದಕ್ಷಿಣ ಯೂಟಾದ ಶೋಧನೆಗೆ ಹೋದರು. ಹಿಂತಿರುಗಿ 1850ರಲ್ಲಿ ಮತ್ತೆ ಕೆಲಸಕ್ಕೆ ಇಳಿದರು. ಯಂತ್ರವಿಲ್ಲ. ಸಲಿಕೆ, ಹಾರೆ, ಕೊಡಲಿ, ಎತ್ತು.

ಡೆಸರೆಟ್ ನ್ಯೂಸ್ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದದ್ದು 1850ರ ಜೂನ್ 15ರಂದು. ಅದೇ ತಿಂಗಳು ಅದೇ ಪತ್ರಿಕೆಯಲ್ಲಿ ಪಾರ್ಲೀ ಅವರ ಪ್ರಕಟಣೆ ಬಂತು. ರಸ್ತೆಗೆ ಅವರು ಇಟ್ಟ ಹೆಸರು ಗೋಲ್ಡನ್ ಪಾಸ್. ಈ ಪತ್ರಿಕೆಯ ಹಳೆಯ ಪುಟಗಳನ್ನೆಲ್ಲ ಡಿಜಿಟಲ್ ಮಾಡಿ ಇಟ್ಟಿದ್ದಾರೆ. ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಆ ಪ್ರಕಟಣೆಯನ್ನು ನಿಧಾನವಾಗಿ ಓದಿದ್ದೇನೆ. ತಮ್ಮಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ಒಮ್ಮೆ ಓದಬೇಕೆಂದು ಕೈಮುಗಿದು ಕೇಳುತ್ತೇನೆ.

ಅದರಲ್ಲಿ ಏನಿದೆ? ಜುಲೈ 4ರ ಹೊತ್ತಿಗೆ ರಸ್ತೆ ತೆರೆಯುತ್ತದೆ. ವೆಬರ್ ನದಿಯಿಂದ ಕಣಿವೆಯವರೆಗೆ ಸುಮಾರು 40 ಮೈಲಿ. ಹಳೆಯ ದಾರಿಯ ಎರಡು ದೊಡ್ಡ ಬೆಟ್ಟಗಳು ತಪ್ಪುತ್ತವೆ. ನಂತರ ಬರುವ ಮಾತು ನನಗೆ ಬಹಳ ಮುಖ್ಯವೆನಿಸಿತು: ರಸ್ತೆ ಇನ್ನೂ ಒರಟಾಗಿದೆ, ಪೂರ್ತಿಯಾಗಿಲ್ಲ, ದಿನದಿನಕ್ಕೂ ಸುಧಾರಿಸುತ್ತಿದ್ದೇವೆ ಎಂದು ಮಾಲೀಕರೇ ಒಪ್ಪಿಕೊಳ್ಳುತ್ತಾರೆ. ಇದಕ್ಕೆ ಆಗಲೇ ಹಲವು ಸಾವಿರ ಡಾಲರ್ ಖರ್ಚಾಗಿದೆ ಎಂದು ಹೇಳುತ್ತಾರೆ. ಆಮೇಲೆ ದರ. ಒಂದು ಪ್ರಾಣಿ ಎಳೆಯುವ ಗಾಡಿಗೆ 50 ಸೆಂಟ್. ಎರಡು ಪ್ರಾಣಿಗಳದ್ದಕ್ಕೆ 75 ಸೆಂಟ್. ಅದಕ್ಕಿಂತ ಹೆಚ್ಚಿನ ಪ್ರತಿ ಎಳೆಯುವ, ಹೊರುವ, ಸವಾರಿಯ ಪ್ರಾಣಿಗೆ 10 ಸೆಂಟ್. ಬಿಡಿಯಾಗಿ ಹೊಡೆದುಕೊಂಡು ಹೋಗುವ ದನಕರುಗಳಿಗೆ ತಲೆಗೆ 5 ಸೆಂಟ್. ಕುರಿಗೆ 1 ಸೆಂಟ್. ಕೆಳಗೆ ಮಾಲೀಕನ ಹೆಸರು.

ಲೆಕ್ಕ ಹಾಕಿ ನೋಡಿ. ಮೂರು ಜೋಡಿ ಎತ್ತು ಕಟ್ಟಿದ ಗಾಡಿಯ ಕುಟುಂಬ 1 ಡಾಲರ್ 15 ಸೆಂಟ್ ಕೊಡುತ್ತಿತ್ತು. ಹಿಂದೆ ಎರಡು ಹಸು ಬರುತ್ತಿದ್ದರೆ ಇನ್ನೊಂದು 10 ಸೆಂಟ್. ಮನೆ ಬಿಟ್ಟು ಸಾವಿರ ಮೈಲಿ ನಡೆದು ಬಂದವನು ಗೇಟಿನ ಮುಂದೆ ನಿಂತಾಗ ತಾನು ಎಷ್ಟು ಕೊಡಬೇಕು, ಯಾಕೆ ಕೊಡಬೇಕು, ಯಾರಿಗೆ ಕೊಡುತ್ತಿದ್ದೇನೆ ಎಂಬ ಮೂರೂ ಅವನಿಗೆ ಗೊತ್ತಿತ್ತು. ಮೊದಲ ವರ್ಷ ಸುಮಾರು 1,500 ಡಾಲರ್ ಸುಂಕ ಬಂತು. ಗಾಡಿಗೆ ಡಾಲರಿನ ಆಸುಪಾಸು ಎಂದು ಹಿಡಿದರೆ ಆ ಒಂದೇ ಋತುವಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಗಾಡಿಗಳು ದಾಟಿರಬೇಕು.

ಮಾನ್ಯರೇ, ಇಂದಿನ ಯೋಜನೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ದರ ಎಷ್ಟು ಎಂಬುದು ಸಾಮಾನ್ಯ ಓದುಗನಿಗೆ ನೇರವಾಗಿ ಸಿಗುವುದಿಲ್ಲ. ದಟ್ಟಣೆಗೆ ತಕ್ಕಂತೆ ಏರಿಳಿಯುವ ದರ ಎಂದರೆ ಮನೆಯಿಂದ ಹೊರಡುವವನಿಗೆ ಎಷ್ಟು ಕೊಡಬೇಕೆಂದು ಮುಂಚೆಯೇ ತಿಳಿದಿರಬೇಕಲ್ಲವೇ? ವಸೂಲಾದ ಹಣ ಯಾವ ಖಾತೆಗೆ ಹೋಗುತ್ತದೆ, ಬಸ್ಸಿಗೋ, ಹಿಮ ತೆಗೆಯುವುದಕ್ಕೋ, ನಾಳೆಯ ಗೊಂಡೋಲಾಕ್ಕೋ? ಪಕ್ಕದ ಮಿಲ್‌ಕ್ರೀಕ್ ಕಮರಿಯಲ್ಲಿ ವಾಪಸ್ ಬರುವಾಗ ಗೂಡಿನಲ್ಲಿ ಕೂತವರಿಗೆ ಜನ ದುಡ್ಡು ಕೊಡುತ್ತಾರೆ, ಗೊಣಗುವವರು ಕಡಿಮೆ. ಆ ಹಣ ಅದೇ ಕಮರಿಯ ಶೌಚಾಲಯ, ಕಾಲುದಾರಿ, ಕಾಡಿನ ನಿರ್ವಹಣೆಗೆ ಹೋಗುತ್ತದೆ ಎಂದು ಅವರಿಗೆ ಗೊತ್ತು. ಜನ ಸುಂಕಕ್ಕೆ ವಿರೋಧಿಗಳಲ್ಲ. ಲೆಕ್ಕ ಕೊಡದ ಸುಂಕಕ್ಕೆ ವಿರೋಧಿಗಳು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಗೋಲ್ಡನ್ ಪಾಸ್ ತೆರೆದ ಮೇಲೂ ಹಳೆಯ ದಾರಿ ಹಾಗೇ ಇತ್ತು. ಪಾರ್ಲೀ ಅದನ್ನು ಮುಚ್ಚಿಸಲಿಲ್ಲ. ಸುಂಕ ಕೊಡಲು ಆಗದವನು, ಕೊಡಲು ಮನಸ್ಸಿಲ್ಲದವನು, ಬಿಗ್ ಮೌಂಟನ್ ಹತ್ತಿ ಎಮಿಗ್ರೇಶನ್ ಕಮರಿಯಲ್ಲಿ ಇಳಿಯಬಹುದಿತ್ತು. ಕಷ್ಟದ ದಾರಿ ನಿಜ, ಆದರೆ ಅದು ಇತ್ತು. ಹೊಸ ರಸ್ತೆ ತನ್ನ ಅನುಕೂಲದಿಂದಲೇ ಸುಂಕವನ್ನು ದುಡಿಯಬೇಕಾಗಿತ್ತು. ಲಿಟಲ್ ಕಾಟನ್‌ವುಡ್‌ನಲ್ಲಿ ಹಾಗಿಲ್ಲ. 210ನೇ ರಾಜ್ಯ ರಸ್ತೆ ಒಂದೇ ಮೇಲಕ್ಕೆ ಹೋಗುವುದು, ಅದೇ ಕೆಳಕ್ಕೆ ಬರುವುದು. 60ಕ್ಕೂ ಹೆಚ್ಚು ಹಿಮಕುಸಿತದ ಜಾಡುಗಳ ಕೆಳಗೆ ಹಾದುಹೋಗುವ ಆ ರಸ್ತೆಗೆ ಪರ್ಯಾಯವೆಂದರೆ ಬಸ್ಸು ಮಾತ್ರ.

ನಾನು ಹುಟ್ಟಿ ಬೆಳೆದದ್ದು ಆಗುಂಬೆ ಘಾಟಿಯ ಬುಡದ ಸೋಮೇಶ್ವರದ ಕಡೆ. ಮಳೆಗಾಲದಲ್ಲಿ ಗುಡ್ಡ ಜರಿದು ಹದಿನಾಲ್ಕು ತಿರುವಿನ ಆ ಘಾಟಿ ಮುಚ್ಚಿದರೆ ಶಿವಮೊಗ್ಗಕ್ಕೆ ಹೊರಟವರು ಹುಲಿಕಲ್ ಘಾಟಿ ಸುತ್ತಿ ಹೋಗುತ್ತಾರೆ. ಹೊತ್ತು ಹೋಗುತ್ತದೆ, ಬೈದುಕೊಳ್ಳುತ್ತಾರೆ, ಆದರೂ ಮುಟ್ಟುತ್ತಾರೆ. ಇನ್ನೊಂದು ಘಾಟಿ ಇದೆ ಎಂಬುದು ಘಟ್ಟದ ಜನರಿಗೆ ಎಷ್ಟು ದೊಡ್ಡ ಧೈರ್ಯ ಎಂದು ಅಲ್ಲಿಯವರಿಗೆ ಗೊತ್ತು. ಒಂದೇ ದಾರಿ ಇರುವ ಕಡೆ ಅದಕ್ಕೆ ಬಾಗಿಲು ಹಾಕುವುದೂ, ಎರಡು ದಾರಿ ಇರುವ ಕಡೆ ಒಂದಕ್ಕೆ ಬಾಗಿಲು ಹಾಕುವುದೂ ಒಂದೇ ಅಲ್ಲ.

2022ರ ಚಳಿಗಾಲದಲ್ಲಿ ಚಾಲಕರು ಸಿಗದೆ ಈ ಕಮರಿಗಳ ಸ್ಕೀ ಬಸ್ಸುಗಳ ಓಡಾಟವನ್ನೇ ಕಡಿತ ಮಾಡಬೇಕಾಯಿತು. ಅಂಥ ಇನ್ನೊಂದು ಚಳಿಗಾಲದಲ್ಲಿ ಟೋಲ್ ಜಾರಿಯಲ್ಲಿದ್ದರೆ ಏನಾಗುತ್ತದೆ, ಯೋಚಿಸಿ. ಹಣವಂತರ ಕಾರು ಸಲೀಸಾಗಿ ಮೇಲೆ ಹೋಗುತ್ತದೆ. ಮೇಲಿನ ಹೋಟೆಲುಗಳಲ್ಲಿ ಹಾಸಿಗೆ ಮಡಿಸುವವರು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಲಿಫ್ಟು ನಡೆಸುವ ಹುಡುಗರು ತಮ್ಮ ದಿನಗೂಲಿಯಲ್ಲಿ ಟೋಲ್ ತೆತ್ತು ಕೆಲಸಕ್ಕೆ ಹೋಗಬೇಕಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ನಮ್ಮಲ್ಲಿ ಗಾದೆಯಿದೆ. ಕ್ಯಾಮೆರಾ ನಂಬರ್ ಪ್ಲೇಟು ಹಿಡಿದು ಬಿಲ್ಲು ಕಳಿಸುವ ಕಾಲದಲ್ಲಿ ಆ ಸುಂಕದವನೂ ಎದುರಿಗಿರುವುದಿಲ್ಲ. ಅದಕ್ಕೇ ಈ ಮಾತನ್ನು ಗೇಟು ಏಳುವ ಮೊದಲೇ ಹೇಳಬೇಕಾಗಿದೆ.

ಇನ್ನು ಪಾರ್ಲೀ ರಸ್ತೆಯ ಕೆಟ್ಟ ಪಾಠಗಳು. ಅವನ್ನು ಮುಚ್ಚಿಟ್ಟು ಒಳ್ಳೆಯದನ್ನಷ್ಟೇ ಹೇಳಿದರೆ ಇತಿಹಾಸಕ್ಕೆ ಅನ್ಯಾಯ.

ರಸ್ತೆ ಒಬ್ಬರ ಸ್ವತ್ತಾಗಿತ್ತು. ಸುಂಕದ ಒಂದು ಋತು ಕಳೆಯುವಷ್ಟರಲ್ಲಿ ಪಾರ್ಲೀ ಅವರಿಗೆ ಧರ್ಮಪ್ರಚಾರಕ್ಕೆ ಕರೆ ಬಂತು. ರಸ್ತೆಯನ್ನು ಮಾರಿ ಆ ಹಣದಲ್ಲಿ 1851ರಲ್ಲಿ ಹೊರಟರು, ವರ್ಷದ ಕೊನೆಗೆ ಚಿಲಿ ದೇಶದ ವಾಲ್ಪರೈಸೊ ತಲುಪಿದ್ದರು. ಅವರ ಮಟ್ಟಿಗೆ ಅದು ತ್ಯಾಗ. ರಸ್ತೆಯ ಮಟ್ಟಿಗೆ ಅನಾಥತನ. ತೊರೆಗೆ ಬಂದ ಪ್ರವಾಹ ರಸ್ತೆ ಕೊಚ್ಚಿತು, ದುರಸ್ತಿ ನಿಂತಿತು, ಗಾಡಿಗಳು ಹಳೆಯ ದಾರಿಗೇ ವಾಪಸಾದವು. ಅಷ್ಟು ಬೆವರು ಸುರಿಸಿ ಮಾಡಿದ ದಾರಿ ಹೆಚ್ಚುಕಡಿಮೆ ಒಂದು ದಶಕ ಹಾಳುಬಿದ್ದಂತಿತ್ತು. 1860ರ ದಶಕದಲ್ಲಿ ರಸ್ತೆಯನ್ನು ಮತ್ತೆ ಎಬ್ಬಿಸಿದ ಮೇಲೆಯೇ ಅಂಚೆ ಗಾಡಿಗಳು ಅಲ್ಲಿಗೆ ತಿರುಗಿದವು, ಕೋಲ್‌ವಿಲ್‌ನ ಕಲ್ಲಿದ್ದಲು ಆ ದಾರಿಯಲ್ಲಿ ಊರಿಗೆ ಇಳಿಯತೊಡಗಿತು. ಸುಂಕ ವಸೂಲಿಯ ಹಕ್ಕಿನ ಜೊತೆ ದುರಸ್ತಿಯ ಕಟ್ಟುಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಕಮರಿ ಒಮ್ಮೆ ಅನುಭವಿಸಿದೆ. ತಮ್ಮ ಯೋಜನೆಯಲ್ಲಿ ಮುಂದೆ ಖಾಸಗಿ ಪಾಲುದಾರರು ಬರುವುದಾದರೆ ಈ ಹತ್ತು ವರ್ಷಗಳನ್ನು ದಯವಿಟ್ಟು ನೆನಪಿಡಿ.

ಆಗಿನ ಪದ್ಧತಿಯೇ ಹಾಗಿತ್ತು. ಕಾಡು, ನೀರು ಎಲ್ಲರದ್ದು ಎಂದು ವಲಸಿಗರ ನಾಯಕರು ಬಂದ ಹೊಸತರಲ್ಲಿ ಸಾರಿದ್ದರು. ಆದರೂ ಕೆಲವೇ ವರ್ಷಗಳಲ್ಲಿ ಕಮರಿಗಳ ಮೇಲಿನ ಹಕ್ಕನ್ನು ಒಬ್ಬೊಬ್ಬ ಮುಖಂಡರಿಗೆ ಕೊಡುತ್ತಾ ಬಂದರು. ಸಿಟಿ ಕ್ರೀಕ್ ಕಮರಿ 1850ರ ಡಿಸೆಂಬರಿನಲ್ಲಿ 500 ಡಾಲರಿಗೆ ಬ್ರಿಗಮ್ ಯಂಗ್ ಅವರ ವಶಕ್ಕೆ ಹೋಯಿತು. ರಸ್ತೆ ಮಾಡಿದವನು ಸೌದೆ, ಮರ ತರುವವರಿಂದ ಸುಂಕ ಪಡೆಯಬಹುದು ಎಂಬ ವ್ಯವಸ್ಥೆ. ಸರ್ಕಾರದ ಬಳಿ ಹಣವಿಲ್ಲದ ಕಾಲದಲ್ಲಿ ರಸ್ತೆಗಳಾದದ್ದು ಹೀಗೆಯೇ. ಅದನ್ನು ಇಂದಿನ ಕಣ್ಣಿನಿಂದ ಸಾರಾಸಗಟಾಗಿ ತಪ್ಪೆನ್ನಲಾರೆ. ಆದರೆ ಎಲ್ಲರದ್ದಾಗಿದ್ದ ಕಮರಿಯ ಬಾಯಲ್ಲಿ ಕೆಲವರ ಗೇಟು ಎದ್ದು ನಿಲ್ಲಲು ಎಷ್ಟು ಕಡಿಮೆ ಕಾಲ ಸಾಕು ಎಂಬುದು ಅದರಿಂದ ತಿಳಿಯುತ್ತದೆ.

ಮತ್ತೊಂದು ಮಾತು. ಈ ಬೆಟ್ಟಗಳು ಖಾಲಿ ಇರಲಿಲ್ಲ. ಶೋಶೋನಿ, ಯೂಟ್ ಜನರು ಇಲ್ಲಿ ಬೇಟೆಯಾಡುತ್ತಿದ್ದರು, ಋತುವಿಗೆ ತಕ್ಕಂತೆ ಬೆಟ್ಟಕ್ಕೂ ಬಯಲಿಗೂ ಓಡಾಡುತ್ತಿದ್ದರು. ರಾಜ್ಯದ ಹೆಸರೇ ಅವರಿಂದ ಬಂದದ್ದು. ಕುರಿಗೆ ಇಷ್ಟು, ಹಸುವಿಗೆ ಇಷ್ಟು ಎಂದು ಬರೆದ ದರಪಟ್ಟಿಯಲ್ಲಿ ನೆಲದವರ ಮಾತು ಒಂದಕ್ಷರವೂ ಇಲ್ಲ. ರಸ್ತೆ ಬಂದಂತೆ ಗಾಡಿ ಬಂದವು, ಗಾಡಿಯ ಹಿಂದೆ ದನಗಳು ಬಂದವು, ಹುಲ್ಲು ಹೋಯಿತು, ಬೇಟೆ ಹೋಯಿತು. ಪಾರ್ಲೀ ಅವರನ್ನು ಹೊಗಳುವ ಯಾವ ಫಲಕವೂ ಇದನ್ನು ಬಿಟ್ಟು ಬರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬರೆಯುವ ಮೊದಲು ಈಗಲೂ ಈ ರಾಜ್ಯದಲ್ಲಿ ಬದುಕಿರುವ ಆ ಸಮುದಾಯಗಳ ಹಿರಿಯರನ್ನು ಕೇಳಬೇಕು.

ಈಗ ಆ ರಸ್ತೆ ಇರುವ ಜಾಗಕ್ಕೆ ಬನ್ನಿ. ಕಮರಿಯ ಬಾಯಲ್ಲಿ ಸೂಯಿಸೈಡ್ ರಾಕ್ ಎಂಬ ಕೆಂಪು ಬಂಡೆ ಒಂಟಿಯಾಗಿ ನಿಂತಿದೆ. ಅದರ ಮೈತುಂಬ ಬಣ್ಣದ ಬರಹ. ಒಂದರ ಮೇಲೊಂದು ಬಳಿದು ಬಳಿದು ಕಲ್ಲಿನ ಬಣ್ಣ ಹುಡುಕಬೇಕಾದ ಸ್ಥಿತಿ. ಕೆಳಗೆ ಪಾರ್ಲೀಸ್ ಹಿಸ್ಟಾರಿಕ್ ನೇಚರ್ ಪಾರ್ಕ್. ನಾಯಿಗಳನ್ನು ಬಿಟ್ಟು ಆಡಿಸಲು ಜನ ಬರುತ್ತಾರೆ, ತೊರೆಯ ನೀರಲ್ಲಿ ನಾಯಿಗಳು ಹೊರಳಾಡುತ್ತವೆ. ಡಡ್ಲರ್ ಕುಟುಂಬದ ಹಳೆಯ ಕಲ್ಲಿನ ನೆಲಮಾಳಿಗೆಯ ಅವಶೇಷವೂ ಅಲ್ಲಿದೆ. ಪಕ್ಕದಲ್ಲೇ ಐ-80 ಹೆದ್ದಾರಿ. ಲಾರಿಗಳ ಸದ್ದಿನಲ್ಲಿ ಜೊತೆಯವರ ಮಾತು ಕೇಳಿಸಬೇಕಾದರೆ ದನಿ ಏರಿಸಬೇಕು. 1890ರಲ್ಲಿ ಪಾರ್ಕ್ ಸಿಟಿಗೆ ಹೋದ ಕಿರುಹಳಿಯ ರೈಲು, 20ನೇ ಶತಮಾನದ ಲಿಂಕನ್ ಹೆದ್ದಾರಿ, 40ನೇ ನಂಬರಿನ ರಸ್ತೆ, ಈಗಿನ ಅಂತರರಾಜ್ಯ ಹೆದ್ದಾರಿ, ಎಲ್ಲವೂ ಹಾದದ್ದು ಪಾರ್ಲೀ ಆರಿಸಿದ ಇದೇ ಕಮರಿಯಲ್ಲಿ. ಎತ್ತುಗಳು ಏದುಸಿರು ಬಿಟ್ಟು ಹತ್ತಿದ ಏರನ್ನು ಇಂದು ಕಾರು ಕೆಲವೇ ನಿಮಿಷದಲ್ಲಿ ಹತ್ತುತ್ತದೆ. ಅಲ್ಲಿ ಇಲ್ಲಿ ಸ್ಮಾರಕ ಫಲಕಗಳಿವೆ ನಿಜ. ಆದರೆ ಕಾರು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಆ ದರಪಟ್ಟಿಯನ್ನು ಇಡಿಯಾಗಿ ಓದಿಸಿ, ಕಮರಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲ ಒಂದು ಜಾಗ ನನಗೆ ಕಂಡಿಲ್ಲ.

ತಮ್ಮ ಇಲಾಖೆಗೆ ಇದು ಕಷ್ಟದ ಕೆಲಸವಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. 2018ರಲ್ಲಿ ಇದೇ ಕಮರಿಯ ನೆತ್ತಿಯಾದ ಪಾರ್ಲೀಸ್ ಸಮಿಟ್ ಬಳಿ ಹೆದ್ದಾರಿಯ ಮೇಲೆ ಕಾಡುಪ್ರಾಣಿಗಳಿಗೆಂದೇ 320 ಅಡಿ ಉದ್ದ, 50 ಅಡಿ ಅಗಲದ ಸೇತುವೆ ಕಟ್ಟಿದ್ದೀರಿ. ಸುಮಾರು 50 ಲಕ್ಷ ಡಾಲರ್ ಖರ್ಚು. ಪ್ರಾಣಿಗಳು ಅಭ್ಯಾಸ ಮಾಡಿಕೊಳ್ಳಲು ವರ್ಷಗಳೇ ಬೇಕು ಎಂದುಕೊಂಡಿದ್ದಿರಿ. ಜಿಂಕೆ, ಮೂಸ್, ಕರಡಿಗಳು ಮೊದಲ ವರ್ಷವೇ ದಾಟತೊಡಗಿದವು. ಊರಿನವರು ಕೂಡಿ ಒತ್ತಾಯಿಸಿದ್ದಕ್ಕೆ ಕಿವಿಗೊಟ್ಟು ಮಾಡಿದ ಕೆಲಸ ಅದು. ಆ ಸೇತುವೆಯ ಕೆಳಗೆ ಹಾದುಹೋಗುವಾಗಲೆಲ್ಲ ನನಗೆ ತಮ್ಮ ಇಲಾಖೆಯ ಬಗ್ಗೆ ಗೌರವ ಮೂಡುತ್ತದೆ. ಆ ಗೌರವದಿಂದಲೇ ಈ ಬೇಡಿಕೆಗಳನ್ನು ಇಡುತ್ತಿದ್ದೇನೆ.

ಲಿಟಲ್ ಕಾಟನ್‌ವುಡ್‌ನ ಟೋಲ್ ಜಾರಿಗೆ ಬರುವ ಮೊದಲು ಪೂರ್ತಿ ದರಪಟ್ಟಿಯನ್ನು, ಯಾವ ಹೊತ್ತಿಗೆ ಎಷ್ಟು ಎಂಬ ಗರಿಷ್ಠ ಮಿತಿಯೊಂದಿಗೆ, ಒಂದೇ ಪುಟದಲ್ಲಿ, ಜನ ಆಡುವ ಎಲ್ಲ ಮುಖ್ಯ ಭಾಷೆಗಳಲ್ಲಿ ಪ್ರಕಟಿಸಿ. ಅದರ ಕೆಳಗೆ ಈವರೆಗೆ ಆದ ಖರ್ಚು ಬರೆಯಿರಿ, ಇನ್ನೂ ಆಗಬೇಕಾದ ಕೆಲಸವನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಪ್ರತಿ ಚಳಿಗಾಲದ ಕೊನೆಗೆ ಬಂದ ಹಣ, ಹೋದ ಹಣದ ಲೆಕ್ಕ ಕೊಡಿ. ವಸೂಲಾದದ್ದು ಆ ಕಮರಿಯ ಬಸ್ಸು, ಹಿಮ ತೆರವು, ರಸ್ತೆ ದುರಸ್ತಿಯನ್ನು ಬಿಟ್ಟು ಬೇರೆಡೆ ಹೋಗದಂತೆ ಕಾನೂನಿನಲ್ಲೇ ಕಟ್ಟಿಹಾಕಿ.

ಬಸ್ಸು ಮೊದಲು, ಟೋಲ್ ಆಮೇಲೆ. ಒಂದು ಪೂರ್ತಿ ಚಳಿಗಾಲ ಬಸ್ಸುಗಳು ಹೇಳಿದ ಹೊತ್ತಿಗೆ ಓಡಿ ತೋರಿಸಿದ ನಂತರವೇ ಮೊದಲ ಡಾಲರ್ ವಸೂಲಿಯಾಗಲಿ. ಬಸ್ಸು ಕಡಿತವಾದ ದಿನ ಟೋಲೂ ತಾನಾಗಿ ನಿಲ್ಲಲಿ. ಮೇಲೆ ಕೆಲಸಕ್ಕೆ ಹೋಗುವವರಿಗೆ, ಕಡಿಮೆ ಆದಾಯದವರಿಗೆ ವಿನಾಯಿತಿ ಇರಲಿ, ಅದನ್ನು ಪಡೆಯಲು ಹತ್ತು ಫಾರ್ಮು ತುಂಬಿಸುವುದು ಬೇಡ.

ಕೌಂಟಿಯ ಪ್ರತಿನಿಧಿಗಳಿಗೆ ಬೇರೆ ಒಂದು ಕೋರಿಕೆ. ಪಾರ್ಲೀಸ್ ಕಮರಿಯಲ್ಲಿ ಕಲ್ಲು ಗಣಿಗಾರಿಕೆಯ ಪ್ರಸ್ತಾವ ಬಂದಾಗ ತಾವು 2022ರಲ್ಲಿ ನಿಯಮ ಬದಲಿಸಿ ತಡೆಯಲು ಮುಂದಾದಿರಿ. ಆ ಕಾಳಜಿಯನ್ನು ಇತಿಹಾಸಕ್ಕೂ ಚಾಚಿ. ಕಮರಿಯ ಬಾಯಲ್ಲಿ ಒಂದು, ಮೇಲೆ ಕಿಂಬಾಲ್ ಜಂಕ್ಷನ್ನಿನ ಕಡೆ ನೆರೆಯ ಸಮಿಟ್ ಕೌಂಟಿಯವರೊಂದಿಗೆ ಸೇರಿ ಇನ್ನೊಂದು, ನಿಂತು ಓದುವಂಥ ಜಾಗ ಮಾಡಿ. 1850ರ ಪ್ರಕಟಣೆಯ ಪೂರ್ಣ ಪಾಠ ಅಲ್ಲಿರಲಿ. ಡಾನರ್ ತಂಡದ ಸಂಕಟ, ರಸ್ತೆ ಕಡಿದವರ ದುಡಿಮೆ, ಮಾರಾಟದ ನಂತರದ ಹಾಳುಸುರಿವ ವರ್ಷಗಳು, ಶೋಶೋನಿ ಮತ್ತು ಯೂಟ್ ಜನರು ಕಳೆದುಕೊಂಡದ್ದು, ಎಲ್ಲವೂ ಇರಲಿ. ಸೂಯಿಸೈಡ್ ರಾಕ್‌ನ ಮೇಲಿನ ಬಣ್ಣ ತೆಗೆಸುವುದು ಬಂಡೆಗೆ ಪೆಟ್ಟಾಗದಂತೆ ಸಾಧ್ಯವಿದ್ದರೆ ತೆಗೆಸಿ.

ಕಣಿವೆಯ ಕನ್ನಡಿಗರಲ್ಲಿ ನನ್ನ ವಿನಂತಿ ಚಿಕ್ಕದು. ಮುಂದಿನ ಸಾರ್ವಜನಿಕ ಅಹವಾಲಿಗೆ ಹೋಗಿ. ಎರಡು ನಿಮಿಷ ಸಿಗುತ್ತದೆ, ಎರಡು ನಿಮಿಷ ಮಾತಾಡಿ. ಭಾಷೆ ತೊಡರಿದರೂ ಪರವಾಗಿಲ್ಲ, ಹೆಸರು ಬರೆಸಿಕೊಳ್ಳುತ್ತಾರೆ. ಇಲ್ಲಿ ತೆರಿಗೆ ಕಟ್ಟುವವರು ನಾವೂ ಹೌದು, ನಾಳೆ ಟೋಲ್ ಕಟ್ಟುವವರೂ ನಾವೇ.

ನಿರ್ದೇಶಕರೇ, ಮೇಲಿನ ಪ್ರಶ್ನೆಗಳಿಗೆ ತಮ್ಮ ಉತ್ತರವನ್ನು ನನಗೊಬ್ಬನಿಗೆ ಕಳಿಸುವ ಬದಲು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು, ಮುಂದಿನ ಚಳಿಗಾಲದ ಸಿದ್ಧತೆ ಶುರುವಾಗುವ ಮೊದಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ